ಗೋದಾಮಿನೊಳಗೆ ಒಲೆ ಹೂಡಿದ ಮಳೆಗಾಲ

ಹೊಳೆಯಾಚೆಯ ಡಿಪೋಗೆ ಮಳೆಗಾಲದ ಸಾಮಾನು ತುಂಬಿಸುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡಿದ್ದರಿಂದ ಬಂತು ಎನ್ನುವುದೇ ಸರಿ. ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ತಂಗಿಯ ಮದುವೆ, ಮತ್ತೊಬ್ಬರಿಗೆ ದೋಣಿ ಕಂಡರೆ ತಲೆಸುತ್ತು. ನನಗೆ ಇಂಥ ಯಾವ ಭಾಗ್ಯವೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಯಲ್ಲಾಪುರ ತಾಲೂಕಿನಲ್ಲಿ, ಮಾಗೋಡಿನ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಹಕಾರಿ ಸಂಘದ ಕಿರಾಣಿ ವಿಭಾಗದಲ್ಲಿ ನಾನು ಗುಮಾಸ್ತೆ. ನನ್ನೂರು ಸಿದ್ದಾಪುರದ ಹೇರೂರಿನ ಕಡೆ. ಹೊಳೆಯ ಗುಣ ನನಗೆ ಗೊತ್ತಿಲ್ಲವೆಂದು ಹೇಳಿ ನೋಡಿದೆ. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಳ್ಳುತ್ತ, "ಗೊತ್ತಾಗ್ತು ಬಿಡು" ಎಂದರು. ಮಾತು ಮುಗಿಯಿತು.

ಹೊಳೆಯಾಚೆ ಇದ್ದದ್ದು ಒಂದು ಸಣ್ಣ ಮಜರೆ. ತೋಟದ ಮನೆಗಳು ಎರಡೇ. ಉಳಿದವೆಲ್ಲ ಗದ್ದೆ ಮಾಡುವವರವು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಮಳೆ ಹಿಡಿದ ಮೇಲೆ ದೋಣಿ. ಹೊಳೆ ದಡ ಮೀರಿ ಬಿದಿರುಮೆಳೆಯೊಳಗೆ ನುಗ್ಗಿತೆಂದರೆ ದೋಣಿಯೂ ಇಲ್ಲ. ಆಗ ದಡದಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಕೂಗಿದರೆ ಕೇಳುವುದಿಲ್ಲ, ಈಚೆಯವರಿಗೆ ಆಚೆಯವರು ಕಾಣುವುದೂ ಇಲ್ಲ. ಟೆಲಿಫೋನಿನ ಕಂಬ ಇನ್ನೂ ಹೊಳೆ ದಾಟಿರಲಿಲ್ಲ. ಹಿಂದಿನ ಗುಡ್ಡ ಹತ್ತಿ ಕಾಡು ಸುತ್ತಿ ಬರುವ ದಾರಿಯೊಂದಿತ್ತು, ಅದನ್ನು ಮಳೆಗಾಲದ ಹಳ್ಳಗಳು ಕಡಿದು ಹಾಕುತ್ತಿದ್ದವು. ಗದ್ದೆಯ ಭತ್ತ ವರ್ಷವಿಡೀ ಸಾಲುತ್ತಿರಲಿಲ್ಲ. ಆಷಾಢ ಬರುವ ಹೊತ್ತಿಗೆ ಹೆಚ್ಚಿನ ಮನೆಗಳ ಕಣಜ ತಳ ಕಂಡಿರುತ್ತಿತ್ತು. ಅಲ್ಲಿಂದ ನೀರು ಇಳಿಯುವವರೆಗೆ ಆ ಊರು ಉಣ್ಣಬೇಕಾದದ್ದು ನಮ್ಮ ಡಿಪೋದ ಅಕ್ಕಿಯನ್ನೇ.

ಬೇಸಿಗೆಯ ಕೊನೆಗೆ ಸಿರಸಿಯ ಪೇಟೆಯಲ್ಲಿ ನಿಂತು ಲಾರಿ ತುಂಬಿಸಿದೆ. ಅಕ್ಕಿ, ತೊಗರಿಬೇಳೆ, ಹೆಸರು, ಉಪ್ಪು, ಬೆಲ್ಲ, ಒಣಮೆಣಸು, ಎಣ್ಣೆಯ ಡಬ್ಬ, ಸಾಬೂನು, ಮೇಣದಬತ್ತಿ, ಬೆಂಕಿಪೊಟ್ಟಣ, ಸೀಮೆಎಣ್ಣೆಯ ಡ್ರಮ್ಮು. ಲಾರಿಯ ಡ್ರೈವರು ಹಾವೇರಿ ಕಡೆಯವನು. ಮೂಟೆಯ ಮೇಲೆ ಮೂಟೆ ಏರುವುದನ್ನು ನೋಡಿ ನೋಡಿ ಕೊನೆಗೆ ಬಾಯಿ ತೆರೆದ.

"ಏನ್ರೀ ಅಕ್ಕಾರ, ಊರಿಗೂರೇ ಮದ್ವಿ ಇಟ್ಕೊಂಡೀರೇನು? ಇಷ್ಟು ಸಾಮಾನು ಯಾರು ಉಣ್ತಾರ್ರೀ?"

"ಮದುವೆಯಾದರೆ ಒಂದು ದಿನದ ಊಟ. ಇದು ಮಳೆ ಹೋಗುವವರೆಗೆ" ಎಂದೆ.

"ಹಂಗಾರ ಬರ್ರಿ, ಗಾಡಿ ಏರ್ರಿ. ಮಳಿ ಬರೂದ್ರಾಗ ಮುಟ್ಟಿಸೂಣು" ಎಂದು ನಕ್ಕ.

ಹೊಳೆಯ ತನಕ ಲಾರಿ, ಅಲ್ಲಿಂದ ತಲೆಹೊರೆ. ಊರಿನ ಗಂಡಸರು ಹೆಂಗಸರು ಎಲ್ಲ ಸಾಲಾಗಿ ಬಂಡೆಗಳ ಮೇಲೆ ನಿಂತು ದಾಟಿಸಿದರು. ಆ ಕೆಲಸವನ್ನು ಅವರು ಹಬ್ಬದಂತೆ ಮಾಡುತ್ತಿದ್ದರು. ಹೊತ್ತು ತರುವ ಮೂಟೆಯನ್ನು ಯಾರೂ ನೆಲಕ್ಕೆ ತಾಗಿಸಲಿಲ್ಲ.

ಎಲ್ಲಿ ಪೇರಿಸುವುದು ಎನ್ನುವುದರ ಬಗ್ಗೆ ಮೊದಲೇ ಸಂಘದಲ್ಲಿ ಮಾತುಕತೆ ಆಗಿತ್ತು. ಗೋದಾಮು ದಡದಿಂದ ಒಂದು ಏರು ಹತ್ತಿದರೆ ಸಿಗುವ ಎತ್ತರದಲ್ಲಿತ್ತು, ಹೊಳೆ ಅಲ್ಲಿಗೆ ಬರುವ ಮಾತಿಲ್ಲ. ಆದರೆ ಹಿಂದಿನ ಮಳೆಗಾಲದಲ್ಲಿ ನೆಲದಿಂದಲೇ ಜಲ ಎದ್ದಿತ್ತು. ನಮ್ಮ ಕಡೆ ಗುಡ್ಡದ ಬುಡದ ಮನೆಗಳಲ್ಲಿ ಇದು ಹೊಸತಲ್ಲ. ಜೋರು ಮಳೆಗೆ ಅಡುಗೆಮನೆಯ ನೆಲದಲ್ಲೇ ಒರತೆ ಒಡೆಯುತ್ತದೆ. ಕೆಳಗಿನ ಸಾಲಿನ ಮೂಟೆಗಳು ಹಾಳಾಗಿದ್ದವು. ಅದಕ್ಕೇ ಈ ಸಲ ಗೋದಾಮಿಗೆ ಒಂದು ಅಟ್ಟ ಕಟ್ಟಿಸಿ, ಎಲ್ಲವನ್ನೂ ಮೇಲೆ ಏರಿಸುವುದೆಂದು ತೀರ್ಮಾನವಾಯಿತು. ಸಭೆಯಲ್ಲಿ ಒಬ್ಬರೂ ಬೇರೆ ಮಾತಾಡಲಿಲ್ಲ. ಅಟ್ಟಕ್ಕೆ ಹಾಕಿದ್ದು ಕೆಡುವುದಿಲ್ಲ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಮೇಲೆ ನೋಡಿದರೆ ಅಟ್ಟ, ಅಟ್ಟದ ತುಂಬ ಹಪ್ಪಳದ ಡಬ್ಬ, ಬೀಜದ ಸೋರೆಬುರುಡೆ. ಆಚಾರಿ ಒಳ್ಳೆಯ ಹಲಗೆ ತಂದು, ಇರುವೆ ನುಸುಳದಂತೆ ಸಂದು ಕೂಡಿಸಿ ಹೊಡೆದ.

ಡಿಪೋ ನೋಡಿಕೊಳ್ಳುತ್ತಿದ್ದವರು ಅಲ್ಲಿಯ ತೋಟದ ಮನೆಯ ಹಿರಿಯರು. ನಾನು ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಮಾವನಿಗೆ ಆ ಅಟ್ಟದ ಮೇಲೆ ಎಲ್ಲಿಲ್ಲದ ಅಭಿಮಾನ. ಬಂದವರನ್ನೆಲ್ಲ ಒಳಗೆ ಕರೆದು, ಹಲಗೆಯ ಸಂದಿಯಲ್ಲಿ ಉಗುರು ಸಿಕ್ಕಿಸಲು ಹೇಳುತ್ತಿದ್ದರು. ಸಿಕ್ಕದಿದ್ದರೆ ಖುಷಿ.

ಆಷಾಢದಲ್ಲಿ ಮೊದಲ ಹಂಚಿಕೆ. ನಾನು ಎರಡು ದಿನದ ಮಟ್ಟಿಗೆಂದು ದೋಣಿ ದಾಟಿ ಹೋದೆ. ಮರುದಿನ ಬೆಳಿಗ್ಗೆ ಎದ್ದರೆ ಹೊಳೆಯ ಸದ್ದೇ ಬೇರೆಯಾಗಿತ್ತು. ದೋಣಿಯವನು ದೋಣಿಯನ್ನು ದಡದ ಮೇಲಕ್ಕೆ ಎಳೆದು ಮತ್ತಿಮರಕ್ಕೆ ಕಟ್ಟಿ, ನನ್ನತ್ತ ತಿರುಗಿ, "ಅಕ್ಕೋರೇ, ನೀವೀಗ ನಮ್ಮೂರವ್ರೇ ಆದ್ರಿ" ಎಂದ. ಹಲ್ಲು ಬಿಟ್ಟು ಹೇಳಿದ್ದರಿಂದ ಸಿಟ್ಟು ಬಂತು. ಅತ್ತೆ ತಮ್ಮ ಸೀರೆಗಳಲ್ಲಿ ಒಂದನ್ನು ಕೊಟ್ಟರು.

ಹೊಳೆ ದಾರಿ ಕಟ್ಟಿದ ಮೇಲೆ ಒಂದು ಮಧ್ಯಾಹ್ನ ಗೋದಾಮಿನಲ್ಲಿ ನಿಂತಿದ್ದಾಗ ನನ್ನ ಕುತ್ತಿಗೆಯ ಮೇಲೆ ಒಂದು ಹನಿ ಬಿತ್ತು. ಹಂಚು ಸೋರುತ್ತಿದೆ ಎಂದುಕೊಂಡು ಒರೆಸಿದೆ. ಇನ್ನೊಂದು ಹನಿ ತುಟಿಯ ಬಳಿ ಬಿತ್ತು. ಉಪ್ಪು. ಏಣಿ ಹಾಕಿ ಮೇಲೆ ಹೋದೆ. ಉಪ್ಪಿನ ಚೀಲಗಳು ಕರಗಿ ಅರ್ಧವಾಗಿ ಕುಗ್ಗಿದ್ದವು. ಅವುಗಳ ನೀರು ಹಲಗೆಯ ಮೇಲೆ ಹರಿದು ಪಕ್ಕದ ಬೆಂಕಿಪೊಟ್ಟಣದ ಪೆಟ್ಟಿಗೆಗಳಿಗೆ ಇಳಿದು, ಅಟ್ಟದ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಬೆಲ್ಲ ಬೆವೆತು ಜಾರುತ್ತಿತ್ತು. ಅಕ್ಕಿಯ ಮೂಟೆಯೊಂದರ ಹೊಲಿಗೆ ಬಿಚ್ಚಿ ಮೊಣಕೈಯವರೆಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು. ಈ ಕೆಲಸ ಮಾಡಿದವರಿಗೆ ಗೊತ್ತು, ಥಂಡಿ ಹವೆಯಲ್ಲಿ ಅಕ್ಕಿಯ ಒಡಲು ಬೆಚ್ಚಗಿದ್ದರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಕೈ ಹೊರಗೆ ತೆಗೆದರೆ ಬೂಸಲಿನ ವಾಸನೆ.

ಮಾವನನ್ನು ಕರೆದು ಎಲ್ಲ ಮೂಟೆಗಳನ್ನೂ ಬಿಚ್ಚಿದೆವು. ಪೂರ್ತಿ ಗಟ್ಟಿಗಟ್ಟಿಯಾಗಿ ಹಸಿರು ಹಿಡಿದವು ಕೆಲವು. ಅವನ್ನು ದನಕ್ಕೂ ಹಾಕುವಂತಿರಲಿಲ್ಲ, ಗೊಬ್ಬರದ ಗುಂಡಿಗೆ ಹೋದವು. ಹಾಕಲು ಬಂದವರು ಹಾಕುವ ಮೊದಲು ಕೈ ಹಣೆಗೆ ಮುಟ್ಟಿಸಿಕೊಂಡರು. ಉಳಿದವು ಕೆಟ್ಟಿರಲಿಲ್ಲ, ಆದರೆ ಕೆಡುವ ದಾರಿ ಹಿಡಿದಿದ್ದವು. ಅವಷ್ಟನ್ನು ಉಳಿಸಿಕೊಂಡರೆ ಊರು ಹೇಗೋ ದಡ ಸೇರುತ್ತದೆ.

ಸುದ್ದಿ ಹೊರಗೆ ಬೀಳಲು ಹೊತ್ತು ಬೇಕಾಗಲಿಲ್ಲ. ದೋಣಿಯವನ ಹೆಂಡತಿ ಬಿದಿರು-ಎಲೆ ಹೆಣೆದ ಗೊರಬು ಹೊದ್ದು ಮಳೆಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳ ಮಗಳು ಹೆರಿಗೆಗೆ ಬಂದವಳು, ಬಾಣಂತಿಯಾಗಿ ಮಲಗಿದ್ದಳು.

"ಅಕ್ಕೋರೇ, ಅಕ್ಕಿ ಬೂಸ್ಲು ಬಂದದೆ ಅಂತ್ರಲ, ಹೌದಾ? ಎಳೇ ಬಾಣಂತಿಗೆ ನಾ ಎಂತ ಬೇಯ್ಸಿ ಹಾಕುದು?"

"ನೋಡ್ತಾ ಇದ್ದೇನೆ" ಎಂದೆ. ಅವಳು ಗೊರಬು ಸರಿಮಾಡಿಕೊಂಡು ಮಳೆಯೊಳಗೆ ಇಳಿದು ಹೋದಳು.

ಮೊದಲು ಹೊಳೆದದ್ದು ಮನೆಮನೆಗೆ ಹಂಚಿಬಿಡುವುದು. ಆದರೆ ಗದ್ದೆಯವರ ಮನೆಗಳು ಚಿಕ್ಕವು. ಅವರ ಅಟ್ಟದ ಮೇಲೆ ಬೀಜದ ಭತ್ತ, ಮಿಕ್ಕ ಜಾಗದಲ್ಲಿ ಮಳೆಗಾಲದ ಕಟ್ಟಿಗೆ. ಒಂದೊಂದು ಮನೆ ಹಿಡಿದದ್ದು ಬುಟ್ಟಿಯಷ್ಟು ಅಕ್ಕಿ. ಹೊತ್ತು ಒಯ್ಯುವಾಗಲೇ ಅದು ಮತ್ತಷ್ಟು ನೆನೆಯಿತು. ಅನಂತರ ಮಾವನ ಜಗಲಿಯಲ್ಲಿ ಚಾಪೆ ಹಾಸಿ ಹರಡಿದೆವು. ಗಾಳಿಯೇ ಒದ್ದೆಯಾಗಿದ್ದಾಗ ಹರಡಿ ಏನು ಬಂತು? ಸಂಜೆಗೆ ಮುಟ್ಟಿದರೆ ಬೆಳಿಗ್ಗೆಗಿಂತ ತಣ್ಣಗೆ, ಕೈಗೆ ಅಂಟುತ್ತಿತ್ತು.

ಹಿಡಿಯುವಷ್ಟನ್ನು ತಮ್ಮ ಅಟ್ಟಕ್ಕೂ ಏರಿಸು ಎಂದರು ಅತ್ತೆ. ಮೊರದಲ್ಲಿ ಅಕ್ಕಿ ಹಿಡಿದು ಅವರ ಅಡುಗೆಮನೆಯ ಅಟ್ಟ ಹತ್ತಿದೆ. ಹತ್ತಿದವಳು ಅಲ್ಲೇ ಕೂತುಬಿಟ್ಟೆ. ಸಂಘದ ಲಾರಿ ತುಂಬಿಸಿ ಬಂದ ನನಗೆ ದಾಸ್ತಾನು ಎಂದರೆ ಏನೆಂದು ಗೊತ್ತಾದದ್ದು ಅಲ್ಲಿ. ಹಲಸಿನ ಹಪ್ಪಳದ ಕಟ್ಟುಗಳು, ಬಾಳೆನಾರಿನಲ್ಲಿ ಹೆಣೆದು ತೊಲೆಗೆ ನೇತುಹಾಕಿದ ಸೌತೆಕಾಯಿಗಳು, ಮುರುಗಲ ಸಿಪ್ಪೆ, ವಾಟೆಹುಳಿ, ಸಂಡಿಗೆ, ಹಲಸಿನಬೀಜ, ಹುರಿದಿಟ್ಟ ಕಾಳು. ಎಲ್ಲದಕ್ಕೂ ಹೊಗೆ ಬಣ್ಣ. ಒಂದು ಹಪ್ಪಳ ಎತ್ತಿ ಮುರಿದೆ, ಕರಕರ ಸದ್ದಿನೊಂದಿಗೆ ಮುರಿಯಿತು. ಹೊರಗೆ ಲೋಕವೇ ನೀರಾಗಿ ಇಳಿಯುತ್ತಿರುವಾಗ, ತಲೆಯ ಮೇಲೆ ಒಂದು ಗೇಣು ದೂರದಲ್ಲಿ ಹಂಚಿನ ಮೇಲೆ ಮಳೆ ಬಡಿಯುತ್ತಿರುವಾಗ, ನಾನು ವೈಶಾಖದ ನಡುವೆ ಕೂತಿದ್ದೆ. ಒಬ್ಬ ಹೆಂಗಸು ಯಾರಿಗೂ ಹೇಳದೆ ಕೇಳದೆ ಒಂದು ಬೇಸಿಗೆಯನ್ನು ಹೀಗೆ ಹಿಡಿದಿಟ್ಟುಕೊಳ್ಳಬಹುದು ಎಂಬುದಕ್ಕೆ ನನಗೆ ಕಣ್ಣು ತುಂಬಿ ಬಂತು.

ಕಾಲ ಕೆಳಗೆ ನೋಡಿದೆ. ಅಲ್ಲಿ ಹಲಗೆ ಇರಲಿಲ್ಲ. ಅಡಿಕೆಮರ ಸೀಳಿದ ದಬ್ಬೆಗಳನ್ನು ಬೆರಳು ಸಂದಿ ಬಿಟ್ಟು ಜೋಡಿಸಿದ್ದರು. ಸಂದಿಯಿಂದ ಕೆಳಗೆ ಒಲೆ, ಒಲೆಯ ಮುಂದೆ ಅತ್ತೆಯ ಬೈತಲೆ ಕಂಡಿತು. ಬೆಚ್ಚಗಿನ ಹೊಗೆ ನನ್ನ ಕಾಲ ಸುತ್ತ ಏರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು.

"ಅತ್ತೆ" ಎಂದು ಮೇಲಿಂದಲೇ ಕೂಗಿದೆ. "ಈ ಒಲೆ ಆರದು ಯಾವಾಗ?"

"ಇದೆಂತ ಪ್ರಶ್ನೆ ಕೂಸೆ! ಒಲೆ ಎಂತಕ್ಕೆ ಆರವು? ರಾತ್ರೆ ಬೂದಿ ಮುಚ್ಚಿಟ್ರೆ ಬೆಳಿಗ್ಗೆ ಕೆಂಡ ಇರ್ತು."

ಇಷ್ಟೇ ವಿಷಯ. ಅಟ್ಟ ಯಾವತ್ತೂ ಏನನ್ನೂ ಕಾದಿರಲಿಲ್ಲ, ಕಾದದ್ದು ಅದರ ಕೆಳಗಿನ ಒಲೆ. ಹುಟ್ಟಿದಾಗಿನಿಂದ ಎರಡನ್ನೂ ಒಟ್ಟಿಗೇ ನೋಡಿದ ನಾವು, ಸಂಘದ ಸಭೆಯಲ್ಲಿ ಕೂತಿದ್ದವರೆಲ್ಲ, ಒಲೆಯನ್ನು ಬಿಟ್ಟು ಅಟ್ಟವನ್ನಷ್ಟೇ ಕಟ್ಟಿಸಿದ್ದೆವು. ಅದೂ ಸಂದು ಇಲ್ಲದ ಹಲಗೆಯಲ್ಲಿ. ಬೇರೆ ಸೀಮೆಯವರಾದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ. ಅಟ್ಟದ ಮೇಲೆ ನಮ್ಮಷ್ಟು ನಂಬಿಕೆ ಅವರಿಗೆಲ್ಲಿಂದ ಬರಬೇಕು?

ಗೋದಾಮಿನೊಳಗೆ ಒಲೆ ಹೂಡೋಣ ಎಂದಾಗ ಮಾವ ಕೈಯಲ್ಲಿದ್ದ ಎಲೆಯಡಿಕೆಯ ಕವಳದ ತಟ್ಟೆಯನ್ನು ಕೆಳಗಿಟ್ಟರು.

"ಕೂಸೆ, ನೀ ಎಂತ ಹೇಳ್ತಾ ಇದ್ದೆ ಗೊತ್ತಿದ್ದ? ಬೀಡಿ ಹಚ್ಚಿದವನ್ನ ಮಳೆಯಲ್ಲಿ ಹೊರಗೆ ನಿಲ್ಸಿದ್ದೆ ಆನು. ಚೀಲ, ಹಲಗೆ, ಸೀಮೆಎಣ್ಣೆ! ಒಂದು ಕಿಡಿ ಹಾರಿದ್ರೆ ಇದ್ದ ಅಕ್ಕಿಯೂ ಹೋತು. ಆಮೇಲೆ ಊರಿಗೆ ಬೂದಿ ಉಣ್ಸ್ತ್ಯ?"

"ಸೀಮೆಎಣ್ಣೆ ಹೊರಗೆ ಸಾಗಿಸನ ಮಾವ. ಬೆಂಕಿ ಇಲ್ದೆ ಅಕ್ಕಿ ಉಳಿತಿಲ್ಲೆ."

"ಕಾರ್ಯದರ್ಶಿಯನ್ನ ಕೇಳ್ದೆ ಆಗ್ತಿಲ್ಲೆ."

"ಕೇಳದು ಹ್ಯಾಂಗೆ? ಹೊಳೆ ಹಾರವ?"

ಅವರು ಎದ್ದು ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ನನ್ನ ಮುಂದೆ ಇಟ್ಟರು. "ಹಾಂಗಾದ್ರೆ ಇದು ನೀನೇ ಇಟ್ಕ. ಸುಟ್ಟು ಹೋಪದನ್ನ ನೋಡ್ಲೆ ಆನು ಬರ್ತಿಲ್ಲೆ" ಎಂದು ಒಳಗೆ ನಡೆದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಕೀಲಿಕೈ ಎತ್ತಿಕೊಂಡೆ.

ಅದಕ್ಕಿಂತ ದೊಡ್ಡ ತೊಡಕು ಕಟ್ಟಿಗೆಯದು. ಮಳೆಗಾಲದಲ್ಲಿ ಒಣಕಟ್ಟಿಗೆ ಅಕ್ಕಿಯಷ್ಟೇ ತುಟ್ಟಿ. ಪ್ರತಿ ಮನೆಯೂ ತನಗೆ ಬೇಕಾದಷ್ಟನ್ನು ಫಾಲ್ಗುಣದಿಂದಲೇ ಕಡಿದು ಒಣಗಿಸಿ ಪೇರಿಸಿರುತ್ತದೆ. ಗೋದಾಮಿನಲ್ಲಿ ದಿನವಿಡೀ ಉರಿಸುವಷ್ಟು ಹೆಚ್ಚಿಗೆ ಕಟ್ಟಿಗೆ ಯಾರಲ್ಲೂ ಇರಲಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ. ಮನೆಮನೆಯಲ್ಲಿ ಉರಿಯುವ ಬೆಂಕಿ ಒಂದೇ ಕಡೆ ಉರಿಯಬೇಕು. ಎಲ್ಲರೂ ಗೋದಾಮಿಗೇ ಬಂದು ಅಡುಗೆ ಮಾಡಬೇಕು.

ಊರಿನ ಹೆಂಗಸರನ್ನು ಸೇರಿಸಿ ಹೇಳಿದೆ. ಒಬ್ಬರೂ ತಲೆಯಾಡಿಸಲಿಲ್ಲ. ಮೊದಲು ಮಾತಾಡಿದವಳು ದೋಣಿಯವನ ಹೆಂಡತಿಯೇ.

"ಹೆಣ ಬಿದ್ದ ಮನೇಲಿ ಮಾತ್ರ ವಲೆ ಹಚ್ಚೂದಿಲ್ಲ ಅಕ್ಕೋರೇ. ನಮ್ಮನೇಲಿ ತೊಟ್ಲು ಕಟ್ಟಿದ್ದು. ವಲೆ ತಣ್ಣಗೆ ಬಿಡು ಅಂದ್ರೆ ಹ್ಯಾಂಗೆ ಬಿಡೂದು?"

ಉಳಿದವರೆಲ್ಲ ಹೌದೆನ್ನುವಂತೆ ನೆಲ ನೋಡಿದರು. ನಮ್ಮ ಮನೆಯಲ್ಲೇ ಒಲೆ ತಣ್ಣಗಿದ್ದ ದಿನ ನನಗೆ ನೆನಪಿತ್ತು, ಅಪ್ಪಯ್ಯ ಹೋದ ದಿನ. ಇದಕ್ಕೆ ಎದುರಾಡುವುದು ಹೇಗೆ? ಕೊನೆಗೆ ದೋಣಿಯವನ ಹೆಂಡತಿಯೇ ಮತ್ತೆ ಬಾಯಿ ತೆರೆದಳು. ತನ್ನಷ್ಟಕ್ಕೇ ಹೇಳಿಕೊಳ್ಳುವ ಹಾಗೆ ಹೇಳಿದಳು.

"ಬೆಳಿಗ್ಗೆ ಎದ್ದು ಮನೇಲೇ ವಲೆ ಹಚ್ಚೂದು. ಒಂದು ಚೆಂಬು ನೀರು ಕಾಯ್ಸೂದು. ಆಮೇಲೆ ಆ ಕೆಂಡನೇ ತಗಂಡು ಇಲ್ಲಿಗೆ ಬಂದ್ರೆ? ವಲೆ ಆರ್ಸ್ದ ಹಂಗೂ ಆಗೂದಿಲ್ಲ. ನಮ್ಮ ವಲೆ ನಮ್ಮ ಸಂಗ್ತೀಗೆ ಬಂದ ಹಂಗೆ ಆಗ್ತದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. ಅಲ್ಲಿಗೆ ಅದು ತೀರ್ಮಾನವಾಯಿತು.

ಕೆಲಸ ಶುರುವಾಯಿತು. ಸೀಮೆಎಣ್ಣೆಯ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋಗಿ ದೂರದ ದನದ ಕೊಟ್ಟಿಗೆಯೊಂದರ ಮಾಡಿನ ಕೆಳಗೆ ನಿಲ್ಲಿಸಿದರು. ದೋಣಿಯವನು ಅಟ್ಟದ ಹಲಗೆಗಳನ್ನು ಒಂದು ಬಿಟ್ಟು ಒಂದರಂತೆ ಕಿತ್ತ. ಕಿತ್ತ ಜಾಗಕ್ಕೆ ದಬ್ಬೆ ಸೀಳಿ ಸಂದಿ ಬಿಟ್ಟು ಜೋಡಿಸಿದ. ಒಲೆಗಳ ನೇರಕ್ಕೆ ಬರುವಲ್ಲಿ ಮಾತ್ರ ಬಿದಿರಿನ ತಟ್ಟಿಗೆ ಕೆಮ್ಮಣ್ಣು ಮೆತ್ತಿ ಅಡ್ಡ ಕಟ್ಟಿದೆವು, ಕಿಡಿ ನೆಟ್ಟಗೆ ಮೇಲೆ ಹೋಗಬಾರದೆಂದು. ನೆಲದ ಒರತೆಗೆ ಸಣ್ಣ ಕಾಲುವೆ ತೆಗೆದು ಬಾಗಿಲಾಚೆ ಹರಿಯಬಿಟ್ಟೆವು. ಚಿರೇಕಲ್ಲು ಇಟ್ಟು ಸಾಲಾಗಿ ಒಲೆ ಹೂಡಿದೆವು. ತೋಟದ 'ಮಡಿ'ಯವರ ಅಡುಗೆ ಅವರ ಮನೆಯಲ್ಲೇ ಆಗಬೇಕು, ಅದಕ್ಕೆ ನಾನು ಕೈ ಹಾಕಲಿಲ್ಲ. ಆದರೆ ಯಾರೂ ಕೇಳದೆಯೇ ಅತ್ತೆ ಹೇಳಿದರು, "ಯಮ್ಮನೆ ಬಚ್ಚಲೊಲೆ ನಾಳೆಯಿಂದ ಇಲ್ಲೆ. ಅದರ ಕಟ್ಟಿಗೆ ಗೋದಾಮಿಗೆ ಒಯ್ಯಿ." ಮಳೆಗಾಲದಲ್ಲಿ ಬಿಸಿನೀರಿನ ಸ್ನಾನ ಬಿಡುವುದೆಂದರೆ ನಮ್ಮವರಿಗೆ ಸಣ್ಣ ತ್ಯಾಗವಲ್ಲ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಮಾವನ ಮಂತ್ರ ಎಂದಿಗಿಂತ ಎರಡು ಪಟ್ಟು ಜೋರಾಗಿ ಕೇಳಿಸಿತು.

ಅದೇ ಬೆಳಿಗ್ಗೆ ನಾನು ಗೋದಾಮಿನ ಬಾಗಿಲು ತೆರೆದು ಕಾದು ನಿಂತಿದ್ದೆ. ಮಳೆ ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಏರಿನ ಕೆಳಗಿನಿಂದ ಮೊದಲು ಒಂದು ಗೊರಬು ಕಂಡಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಪ್ರತಿಯೊಬ್ಬಳೂ ಎದೆಗೆ ಒಂದು ಮಡಕೆ ಅವಚಿಕೊಂಡು ಬಗ್ಗಿ ನಡೆಯುತ್ತಿದ್ದಳು. ಪ್ರತಿ ಗೊರಬಿನ ಅಂಚಿನಿಂದಲೂ ಸಣ್ಣ ಹೊಗೆ ಏಳುತ್ತಿತ್ತು. ಅಷ್ಟು ನೀರಿನ ನಡುವೆ ಅಷ್ಟು ಮನೆಗಳ ಬೆಂಕಿ ನಡೆದು ಬರುತ್ತಿತ್ತು. ನಾನು ದೇವರು ದಿಂಡರೆಂದು ಹೆಚ್ಚು ತಲೆ ಕೆಡಿಸಿಕೊಂಡವಳಲ್ಲ. ಅವತ್ತು ಮಾತ್ರ ಚಪ್ಪಲಿ ಬಿಟ್ಟು ಬಾಗಿಲ ಪಕ್ಕಕ್ಕೆ ಸರಿದು ನಿಂತೆ. ಅವರ ಹಿಂದೆ ಅತ್ತೆಯೂ ಇದ್ದರು. ಅಡುಗೆ ಮನೆಯಲ್ಲೇ ಆದರೂ ಕೆಂಡ ತಂದಿದ್ದರು.

ಮೊದಲ ದಿನಗಳಲ್ಲಿ ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಒಂದೆರಡು ಹಂಚು ಸರಿಸಿ ದಾರಿ ಮಾಡಿದ ಮೇಲೆ ಸರಿಯಾಯಿತು. ಕೆಳಗೆ ಅನ್ನ ಬೇಯುತ್ತಿದ್ದರೆ ಮೇಲೆ ನಾವು ಚಾಪೆಯ ಮೇಲೆ ಅಕ್ಕಿಯನ್ನು ಬೆರಳು ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಿ ತಿರುವುತ್ತಿದ್ದೆವು. ಹೆಚ್ಚು ಅನುಮಾನದ ಮೂಟೆ ಮೊದಲು. ಬರಿದಾದ ಚೀಲವನ್ನೂ ಹೊಗೆಗೆ ಕಟ್ಟಿ ಒಣಗಿಸಿ, ಮತ್ತೆ ತುಂಬಿಸಿ, ಗಾಳಿಯಾಡುವಂತೆ ಬಿಡಿಬಿಡಿಯಾಗಿ ನಿಲ್ಲಿಸುತ್ತಿದ್ದೆವು. ಕರಗಿದ ಉಪ್ಪಿನ ನೀರನ್ನು ಹೆಂಗಸರು ಮಡಕೆಯಲ್ಲಿ ಹಿಡಿದು ಅದನ್ನೇ ಸಾರಿಗೆ ಹಾಕಿದರು. ಒಣಗಿತೋ ಇಲ್ಲವೋ ನೋಡಲು ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಚ್ಚಬೇಕು. ಹಸಿ ಇದ್ದರೆ ಸುಮ್ಮನೆ ಒಡೆಯುತ್ತದೆ, ಒಣಗಿದ್ದರೆ ಕಟ್ ಎನ್ನುತ್ತದೆ. ಆ ಕಟ್ ಮೊದಲ ಸಲ ಕೇಳಿದಾಗ ನಾನು ಅಟ್ಟದ ಮೇಲಿಂದಲೇ ಕೂಗಿಕೊಂಡೆ. ಕೆಳಗಿನಿಂದ ಯಾರೋ, "ಅಕ್ಕೋರಿಗೆ ಚೇಳು ಕಡೀತು" ಎಂದರು.

ಮಾವ ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಂದು ಗೋದಾಮಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ಎರಡು ಕೊಡ ನೀರು. ಏನು ಮಾವ ಎಂದರೆ, "ಮಳೆ ನೋಡ್ತಾ ಇದ್ದೆ" ಎನ್ನುತ್ತಿದ್ದರು. ಅವರ ಮನೆಯಲ್ಲಿ ಮಳೆ ಕಾಣುತ್ತಿರಲಿಲ್ಲವೇ ಎಂದು ನಾನು ಕೇಳಲಿಲ್ಲ.

ಒಂದು ದಿನ ಅವರು ಹೆದರಿದ್ದೇ ಆಯಿತು. ಬಿದಿರಿನ ಗಣ್ಣೊಂದು ಒಲೆಯೊಳಗೆ ಸಿಡಿಯಿತು. ಕೆಂಡದ ಚೂರು ಮಣ್ಣಿನ ತಟ್ಟಿಯ ಪಕ್ಕದಿಂದ ಹಾರಿ, ಅಟ್ಟದ ಅಂಚಿನಲ್ಲಿ ನೇತಾಡುತ್ತಿದ್ದ ಖಾಲಿ ಚೀಲಕ್ಕೆ ಹಿಡಿಯಿತು. ಸೆಣಬು ಬುಸ್ಸೆಂದಿತು. ನಾನು ಮೇಲೆ ಚಾಪೆಯ ಮೇಲಿದ್ದೆ. ಇಡೀ ಊರಿನ ಅನ್ನ ನನ್ನ ಕಣ್ಣೆದುರು ಹೋಗುತ್ತದೆ ಎಂದಷ್ಟೇ ತಲೆಯಲ್ಲಿ. ಅಷ್ಟರಲ್ಲಿ ಮಾವ ಬಾಗಿಲು ದಾಟಿ ಒಂದು ಕೊಡವನ್ನು ಎತ್ತಿ ಎರಚಿ, ಇನ್ನೊಂದನ್ನು ನನ್ನತ್ತ ಚಾಚಿದ್ದರು. ನೀರು ಸುರಿದು ಚೀಲ ಕಿತ್ತೆಸೆದೆ. ಬೆಂಕಿ ಆರಿತು. ಒಂದು ದಬ್ಬೆ ಕರಿದಾಯಿತು, ಅಷ್ಟೇ. ಅವರು ಬೈಯಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಬಿದಿರು ಒಲೆಗೆ ಹಾಕುದಾದ್ರೆ ಗಣ್ಣು ಒಡ್ದು ಹಾಕವು" ಎಂದು ಮಚ್ಚು ಕೇಳಿದರು. ಆಮೇಲೆ ನೀರು ಇಳಿಯುವವರೆಗೆ ಅವರು ಅಲ್ಲಿಂದ ಎದ್ದದ್ದು ಊಟಕ್ಕೆ ಮತ್ತು ಸ್ನಾನಕ್ಕೆ ಮಾತ್ರ.

ಹಾಗೆ ಆಷಾಢ ಕಳೆದು ಶ್ರಾವಣವೂ ಬಂತು. ದಿನಾ ಬೆಳಿಗ್ಗೆ ಕೆಂಡದ ಮಡಕೆಗಳು ಏರು ಹತ್ತಿ ಬಂದವು, ಒಂದು ದಿನವೂ ತಪ್ಪಲಿಲ್ಲ. ಬಾಣಂತಿಗೆ ಮೊದಲ ಗಂಜಿ ಹೋಗುತ್ತಿತ್ತು, ಅದರ ಮೇಲೆ ಯಾರದೂ ತಕರಾರಿಲ್ಲ. ಅಕ್ಕಿಗೆ ಹೊಗೆಯ ವಾಸನೆ ಹತ್ತಿತ್ತು. ಉಣ್ಣುವಾಗ ಅದು ಮೂಗಿಗೆ ಬಂದರೆ ನನಗೆ ಸಮಾಧಾನವಾಗುತ್ತಿತ್ತು.

ಹೊಳೆ ಇಳಿದ ಮೇಲೆ ಮೊದಲ ದೋಣಿಯಲ್ಲಿ ಬಂದವರು ಕಾರ್ಯದರ್ಶಿಗಳು. ಏರು ಹತ್ತಿ ಏದುಸಿರು ಬಿಡುತ್ತ ಗೋದಾಮಿನ ಬಾಗಿಲಲ್ಲಿ ನಿಂತರು. ಸಾಲು ಒಲೆಗಳನ್ನು ನೋಡಿದರು, ಕಿತ್ತ ಹಲಗೆಗಳನ್ನು ನೋಡಿದರು, ಕರಿದಾದ ದಬ್ಬೆಯನ್ನೂ ನೋಡಿದರು. ಹೇಳಬೇಕಾದ ಉತ್ತರಗಳನ್ನೆಲ್ಲ ನಾನು ವಾರಗಟ್ಟಲೆ ಉರು ಹೊಡೆದು ಇಟ್ಟುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಎಲ್ಲರದ್ದೂ ಊಟ ಆತ?"

"ಈಗ ಆಗ್ತು. ನಿಂಗಕ್ಕೆ ಅತ್ತೆಮನೆಯಲ್ಲಿ ಬಾಳೆ ಹಾಕ್ತ್ಯ" ಎಂದೆ.

"ಎಂತಕ್ಕೆ? ಇಲ್ಲೇ ಹಾಕು" ಎಂದು ಅವರು ಅಲ್ಲೇ, ದೋಣಿಯವನ ಪಕ್ಕದಲ್ಲಿ, ನೆಲದ ಮೇಲೆ ಕೂತುಬಿಟ್ಟರು. ಮಾವ ಒಲೆಯ ಬಳಿಯಿಂದ ಒಮ್ಮೆ ಹೊರಳಿ ನೋಡಿ ಮತ್ತೆ ಕಟ್ಟಿಗೆ ಮುಂದೂಡಿದರು.

ಕಾರ್ಯದರ್ಶಿಗಳು ತುತ್ತು ಬಾಯಿಗಿಟ್ಟು ಅಗಿದರು. ತಡೆಯಲಾರದೆ ನಾನೇ ಕೇಳಿದೆ, "ಬೈಯದಿಲ್ಯ?"

"ಬೈಯವು ಹೇಳಿ ಮನಸ್ಸಲ್ಲಿ ಇದ್ದಿತ್ತು" ಎಂದರು. "ಯಂಗಳ ಬದಿ ರಸ್ತೆಯ ತಿರುವಲ್ಲಿ ನಿಂತ್ರೆ ಈ ಗೋದಾಮಿನ ಮಾಡು ಒಂಚೂರು ಕಾಣ್ತು. ಮೊದ್ಲ ದಿನ ಹಂಚಿನ ಮೇಲೆ ಹೊಗೆ ಕಂಡಾಗ ಆನು ಅಲ್ಲೇ ಕುಸಿದು ಕೂತೆ. ಗೋದಾಮು ಸುಟ್ಟೋತು, ಇನ್ನು ಆ ಊರಿಗೆ ತುತ್ತು ಅನ್ನ ಇಲ್ಲೆ ಹೇಳಿ. ಮರುದಿನ ನೋಡಿದ್ರೆ ಮತ್ತೆ ಹೊಗೆ. ಅದರ ಮರುದಿನವೂ. ಸುಟ್ಟ ಗೋದಾಮು ದಿನಾ ಬೆಳಿಗ್ಗೆ ಹೊಸದಾಗಿ ಹೊಗೆ ಬಿಡ್ತಿಲ್ಲೆ ಅಲ್ದ? ಆವಾಗ ಗೊತ್ತಾತು, ನಿಂಗ ಅಡುಗೆ ಮಾಡ್ತಾ ಇದ್ದಿ ಹೇಳಿ."

ಅವತ್ತಿನಿಂದ ಅವರು ದಿನಾ ಸಂಘದ ಬಾಗಿಲು ತೆರೆಯುವ ಮೊದಲು ಆ ತಿರುವಿಗೆ ಹೋಗಿ ಹೊಗೆ ನೋಡಿ ಬರುತ್ತಿದ್ದರಂತೆ. ಒಂದು ದಿನ ಮಾತ್ರ ಮೋಡ ಕೆಳಗಿಳಿದು ಹೊಳೆಯೂ ಕಾಣಲಿಲ್ಲ, ಮಾಡೂ ಕಾಣಲಿಲ್ಲ, ಹೊಗೆಯೂ ಕಾಣಲಿಲ್ಲ.

"ಆ ದಿನ ಎಂತ ಮಾಡಿದ್ರಿ?" ಎಂದೆ.

ಅವರು ಬಾಳೆಲೆಯ ಮೇಲೆ ಕೈಯಾಡಿಸುತ್ತ ತಲೆ ಎತ್ತದೆ ಹೇಳಿದರು, "ಎಂತ ಮಾಡದು? ಅಲ್ಲೇ ನಿಂತಿದ್ದೆ. ಸಂಜೆಗೆ ಮೋಡ ಹರಿದು ಹೊಗೆ ಕಂಡ್ತು. ಮನೆಗೆ ಹೋಗಿ ಉಂಡೆ."

ನಾನು ಅವರ ಬಾಳೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.